ನೋವಿನ ನುಡಿ, ಅಸ್ಮಿತೆಯ ಮಾನ್ಯತೆ: ಕೊಡ್ಲಿ–ಸೇಡಂ ಸೀಮೆಯ ನೆಲೆಯಿಂದ ಮನೋಚಿಕಿತ್ಸೆಯನ್ನು ಕುರಿತು ಒಂದು ವಿವೇಚನೆ

ವೈದ್ಯಕೀಯದ ಇತರ ಶಾಖೆಗಳಲ್ಲಿ ರೋಗಿಯ ಮಾತು ರೋಗನಿರ್ಣಯಕ್ಕೆ ಇರುವ ಹಲವು ಆಧಾರಗಳಲ್ಲಿ ಒಂದು. ರಕ್ತಪರೀಕ್ಷೆ, ಕ್ಷ-ಕಿರಣದ ಚಿತ್ರ ಮುಂತಾದವು ಆ ಮಾತನ್ನು ಸಮರ್ಥಿಸುತ್ತವೆ, ಇಲ್ಲವೆ ತಿದ್ದುತ್ತವೆ. ಮನೋವೈದ್ಯಕೀಯದಲ್ಲಿ ಇಂತಹ ಅನುಕೂಲ ಕಡಿಮೆ. ಅಲ್ಲಿ ಮಾತೇ ಲಕ್ಷಣ, ಮಾತೇ ಪರೀಕ್ಷೆ, ಬಹುಮಟ್ಟಿಗೆ ಮಾತೇ ಔಷಧ. ಹೀಗಿರುವುದರಿಂದ ರೋಗಿ ಯಾವ ಭಾಷೆಯಲ್ಲಿ, ಯಾರ ಎದುರು, ಎಷ್ಟು ಧೈರ್ಯದಿಂದ ತನ್ನ ನೋವನ್ನು ಹೇಳಿಕೊಂಡ ಎಂಬುದು ಚಿಕಿತ್ಸೆಯ ಫಲವನ್ನೇ ನಿರ್ಧರಿಸುತ್ತದೆ. ಜಾತಿ, ಲಿಂಗ, ಲೈಂಗಿಕ ಒಲವು, ಬುಡಕಟ್ಟು ಅಥವಾ ಭಾಷೆಯ ಕಾರಣದಿಂದ ಸಮಾಜದ ಅಂಚಿಗೆ ತಳ್ಳಲ್ಪಟ್ಟವರ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾದುದು.

ಈಚಿನ ದಶಕಗಳಲ್ಲಿ ‘ಸಂಸ್ಕೃತಿಸ್ಪಂದಿ ಚಿಕಿತ್ಸೆ’, ‘ಅಸ್ಮಿತೆಯನ್ನು ಮಾನ್ಯ ಮಾಡುವ ಚಿಕಿತ್ಸೆ’ ಎಂಬ ಪರಿಕಲ್ಪನೆಗಳು ಜಗತ್ತಿನಾದ್ಯಂತ ಚರ್ಚೆಯಲ್ಲಿವೆ. ಮೊದಲನೆಯದು, ನೊಂದವರು ತಮ್ಮ ನೋವಿಗೆ ತಾವೇ ಕೊಡುವ ವಿವರಣೆಯನ್ನು ಚಿಕಿತ್ಸೆಯ ಸಾಮಗ್ರಿಯೆಂದು ಸ್ವೀಕರಿಸಬೇಕೆನ್ನುತ್ತದೆ. ಎರಡನೆಯದು, ವ್ಯಕ್ತಿಯ ಅಸ್ಮಿತೆ ಗುಣಪಡಿಸಬೇಕಾದ ಕಾಯಿಲೆಯಲ್ಲ, ಅದನ್ನು ಒಪ್ಪಿಕೊಂಡೇ ಚಿಕಿತ್ಸೆ ಆರಂಭವಾಗಬೇಕು ಎನ್ನುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇವನ್ನು ಒಳ್ಳೆಯ ನಡವಳಿಕೆಯ ಮಾತುಗಳೆಂದು ತಲೆದೂಗಿ ಬಿಟ್ಟುಬಿಡುವುದೇ ಹೆಚ್ಚು. ಇವು ನಡವಳಿಕೆಗಿಂತ ಮೊದಲು ರೋಗನಿರ್ಣಯದ ಪ್ರಶ್ನೆಗಳು ಎಂಬುದನ್ನು ಕಲಬುರಗಿ ಜಿಲ್ಲೆಯ ಪೂರ್ವಭಾಗದ ಕೊಡ್ಲಿ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ತೊಗರಿ ಬೆಳೆಯುವ ಹೊಲ, ಶಹಾಬಾದಿನ ಕಲ್ಲಿನ ಗಣಿ, ವಾಡಿ–ಸೇಡಂ ಭಾಗದ ಸಿಮೆಂಟು ಕಾರ್ಖಾನೆಗಳು, ಚಿಂಚೋಳಿಯ ಗುಡ್ಡಗಾಡಿನ ಲಂಬಾಣಿ ತಾಂಡಾಗಳು ಇಲ್ಲಿನ ಬದುಕನ್ನು ರೂಪಿಸಿವೆ. ಕನ್ನಡದ ಜೊತೆಗೆ ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ನೋವನ್ನು ಹೇಳುವ ಇಲ್ಲಿನ ಮಾತಿನಲ್ಲೂ ಈ ಬೆರಕೆಯಿದೆ. “ಜೀವಕ್ಕ ಘಾಬರಿ ಆಗ್ತದ”, “ಎದಿ ಡವಡವ ಅಂತದ”, “ಕೈಕಾಲ ಸೇದ್ತಾವ”, “ಜೀವ ಹೈರಾಣ ಆಗ್ಯಾದ”, “ಫಿಕರ್ ಹತ್ಯಾದ”. ಇಲ್ಲಿನವರು ‘ಖಿನ್ನತೆ’ ಎಂಬ ಪದವನ್ನು ಬಳಸುವುದಿಲ್ಲ. ‘ಖಿನ್ನತೆ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಆ ‘ಇಲ್ಲ’ವನ್ನು ನಂಬಿ ಬರೆದ ಚೀಟಿಯಲ್ಲಿ ಎದೆನೋವಿಗೆ ಗುಳಿಗೆ, ಕೈಕಾಲಿನ ಸೆಳೆತಕ್ಕೆ ಬಿ-ಕಾಂಪ್ಲೆಕ್ಸ್ ಇರುತ್ತದೆ, ಮುಖ್ಯ ಕಾಯಿಲೆ ಚೀಟಿಯ ಹೊರಗೇ ಉಳಿಯುತ್ತದೆ.

ಇಂತಹ ಪ್ರಶ್ನೆಗಳನ್ನು ನಮ್ಮವರು ಎಂದೂ ಯೋಚಿಸಿಯೇ ಇಲ್ಲವೆಂಬ ಭಾವನೆ ಸರಿಯಲ್ಲ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ (1974ರಲ್ಲಿ ಇದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು) ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಮ್ ಅವರು 1964ರಷ್ಟು ಹಿಂದೆಯೇ ಭಾರತೀಯ ಸಂದರ್ಭದಲ್ಲಿ ಮನೋಚಿಕಿತ್ಸೆ ಹೇಗಿರಬೇಕೆಂದು ಚರ್ಚಿಸಿದ್ದರು. ಪಶ್ಚಿಮದ ಪಠ್ಯ ಬಯಸುವಂತೆ ಅಂತರಂಗದ ಸಂಘರ್ಷವನ್ನು ಬಗೆಯುವುದಕ್ಕಿಂತ ನೇರವಾದ ಆಸರೆಯನ್ನು ನಮ್ಮ ರೋಗಿ ಬಯಸುತ್ತಾನೆ, ಚಿಕಿತ್ಸಕನಲ್ಲಿ ಅವನು ಕಾಣುವುದು ಅವಿಭಕ್ತ ಕುಟುಂಬದ ಹಿರಿಯನನ್ನು ಎಂಬುದು ಅವರ ಪ್ರತಿಪಾದನೆ. ಮಹತ್ವದ ಮಾತು ಇದು. ಆದರೆ ಇದರೊಳಗೆ ಒಂದು ತೊಡಕಿದೆ. ಆ ಕುಟುಂಬದ ಹಿರಿಯನಿಂದಲೇ ಪೆಟ್ಟು ತಿಂದು ಮನೆ ಬಿಟ್ಟು ಬಂದವರಿಗೆ ಹಿರಿಯನ ಪಾತ್ರ ಆಸರೆಯಾಗುವುದೇ? ಊರ ಹಿರಿಯರು ಯಾರನ್ನು ಕಟ್ಟೆಗೆ ಹತ್ತಗೊಡುವುದಿಲ್ಲವೋ ಅವರಿಗೆ? ಸಂಸ್ಕೃತಿಯನ್ನು ಒಂದೇ ಎರಕದ ವಸ್ತುವೆಂದು ಭಾವಿಸಿದಾಗ ಅದರ ಒಳಗಿನ ಯಜಮಾನಿಕೆ ಕಣ್ಣಿಗೆ ಬೀಳದೆ ಹೋಗುತ್ತದೆ.

ಉಡುಪಿಯ ಸಮೀಪದ ಕೋಟ ಗ್ರಾಮದಲ್ಲಿ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿ 1976ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿದೆ. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳನ್ನು ಪ್ರತ್ಯೇಕವಾಗಿ ನೋಡಿದ ಈ ಅಧ್ಯಯನವು ಒಂದೇ ಊರಿನೊಳಗೆ ಕುಟುಂಬ ಪದ್ಧತಿಯೂ ಒತ್ತಡದ ಬಗೆಯೂ ಬೇರೆಬೇರೆಯೆಂಬುದನ್ನು ಗಣನೆಗೆ ತೆಗೆದುಕೊಂಡಿತು. ಅಳಿಯಸಂತಾನ ಪದ್ಧತಿ ಸಡಿಲುತ್ತಿದ್ದ ಕಾಲ ಅದು. ವೈದ್ಯ, ಮಂತ್ರವಾದಿ, ಪಾತ್ರಿ ಇವರೆಲ್ಲರ ಬಳಿಗೂ ಜನ ಹೋಗುತ್ತಾರೆಂಬುದನ್ನು ಸಂಶೋಧಕರು ಹಗುರವಾಗಿ ಕಾಣಲಿಲ್ಲ. ಇಲ್ಲಿನ ಜನ ಕಷ್ಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವ ಸಂದರ್ಶನ ಪ್ರಶ್ನಾವಳಿಯೊಂದನ್ನು ಕಪೂರ್ ಮತ್ತು ಸಂಗಡಿಗರು ರೂಪಿಸಿದ್ದು ಈ ಕೆಲಸದ ಭಾಗವಾಗಿಯೇ.

ನೋವು ಮೈಯ ಭಾಷೆಯಲ್ಲಿಯೇ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟಿಸಿದ ಲೇಖನ ಉತ್ತರದ ಒಂದು ಭಾಗವನ್ನು ಕೊಡುತ್ತದೆ. ಖಿನ್ನತೆಯ ಲಕ್ಷಣಗಳು ಹೆಚ್ಚಿದಂತೆ ಕಳಂಕದ ಅನುಭವವೂ ಹೆಚ್ಚುತ್ತಿತ್ತು; ದೈಹಿಕ ದೂರುಗಳೊಡನೆ ಕಳಂಕದ ಸಂಬಂಧ ಇದಕ್ಕೆ ವಿರುದ್ಧವಾಗಿತ್ತು. ಎಂದರೆ ‘ಎದೆ ನೋಯುತ್ತದೆ’ ಎನ್ನುವ ರೋಗಿಗೆ ಮನಸ್ಸಿನ ಅರಿವಿಲ್ಲವೆಂದು ತಿಳಿಯುವುದು ತಪ್ಪು. ಎದೆನೋವಿನಿಂದ ಮಗಳ ಮದುವೆ ನಿಲ್ಲುವುದಿಲ್ಲ, ತಲೆ ಕೆಟ್ಟಿದೆಯೆಂದರೆ ನಿಲ್ಲುತ್ತದೆ. ಮೊದಲೇ ಕಳಂಕ ಹೊತ್ತ ಸಮುದಾಯದವರು ಎರಡನೆಯ ಕಳಂಕವನ್ನು ತಾವಾಗಿ ಏಕೆ ಕೇಳಿಕೊಂಡಾರು?

ಈ ಜಿಲ್ಲೆಯ ಗಾಣಗಾಪುರದ ಪ್ರಸ್ತಾಪವಿಲ್ಲದೆ ಇಲ್ಲಿನ ಮನೋರೋಗದ ಚರ್ಚೆ ಪೂರ್ಣವಾಗದು. ಭೀಮಾ–ಅಮರ್ಜಾ ಸಂಗಮದ ಈ ದತ್ತಕ್ಷೇತ್ರಕ್ಕೆ ಗಾಳಿ ಸೋಕಿದವರೆಂದು ತಿಳಿಯಲಾದವರನ್ನು ದೂರದೂರದಿಂದ ಕರೆತರುತ್ತಾರೆ. ಮಹಾಮಂಗಳಾರತಿಯ ಹೊತ್ತಿಗೆ ಅವರು ಕೂಗಾಡುವುದನ್ನು ನೋಡಿದವರು ಬಹಳ. ಅಲ್ಲಿದ್ದು ಸೇವೆ ಮಾಡಿ, ಮಧುಕರಿ ಬೇಡಿ ದಿನ ಕಳೆಯುವವರೂ ಉಂಟು. ಕನ್ನಡದ ಜನರಾಡುವ ಭಾಷೆ ಇಲ್ಲಿ ಪಠ್ಯಪುಸ್ತಕಕ್ಕಿಂತ ಸೂಕ್ಷ್ಮವಾದುದು. ‘ದೇವರು ಮೈಯಾಗ ಬರ್ತದ’ ಎಂಬುದು ಬೇರೆ, ‘ಗಾಳಿ ಬಡದದ’ ಎಂಬುದು ಬೇರೆ. ಮೊದಲನೆಯದರಲ್ಲಿ ವ್ಯಕ್ತಿಗೆ ಗೌರವವಿದೆ, ಕಾಲವೂ ಸ್ಥಳವೂ ನಿಗದಿಯಾಗಿವೆ. ಎರಡನೆಯದು ಬೇಡದೆ ಬಂದ ಪೀಡೆ. ಅಂತರರಾಷ್ಟ್ರೀಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯೂ ಆವೇಶವನ್ನು ರೋಗವೆಂದು ಗುರುತಿಸಿದ್ದು ಅದು ವ್ಯಕ್ತಿಗೆ ಬೇಡವಾಗಿದ್ದು, ಸಮುದಾಯ ಒಪ್ಪಿದ ಆಚರಣೆಯ ಹೊರಗೆ ಸಂಭವಿಸಿದಾಗ ಮಾತ್ರ. ಜಾತ್ರೆಯಲ್ಲಿ ಮೈದುಂಬುವ ಹೆಣ್ಣುಮಗಳಿಗೆ ಗುಳಿಗೆ ಕೊಡುವ ವೈದ್ಯ ಈ ಭೇದವನ್ನು ಮರೆತಿರುತ್ತಾನೆ.

ಹಾಗೆಂದು ದೇವಸ್ಥಾನ, ದರ್ಗಾಗಳಿಗೆ ರೋಗಿಯನ್ನು ಒಪ್ಪಿಸಿ ಅದನ್ನು ಸಂಸ್ಕೃತಿಯ ಮನ್ನಣೆಯೆಂದು ಕರೆಯಲಾಗದು. ತಮಿಳುನಾಡಿನ ಏರವಾಡಿಯ ದರ್ಗಾದ ಬಳಿ 2001ರ ಆಗಸ್ಟ್ 6ರಂದು ಗುಡಿಸಲಿಗೆ ಬೆಂಕಿ ಹತ್ತಿ, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸತ್ತರು. ಇದಾದ ಮರುವರ್ಷವೇ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನದೇ ಇನ್ನೊಂದು ಚಿಕ್ಕ ದೇವಸ್ಥಾನವನ್ನು ಕುರಿತು ಬರೆದರು. ಅಲ್ಲಿ ತಂಗಿದ್ದ 31 ಮಂದಿಯಲ್ಲಿ ಲಕ್ಷಣಗಳ ತೀವ್ರತೆ ಶೇಕಡಾ 20ರ ಹತ್ತಿರ ಇಳಿದಿತ್ತು. ಅಲ್ಲಿ ವಿಶೇಷ ಕ್ರಿಯಾವಿಧಿಗಳೇನೂ ನಡೆಯುತ್ತಿರಲಿಲ್ಲ. ಬಂದವರು ಮನೆಯವರೊಡನೆ ಅಲ್ಲಿಯೇ ಇದ್ದು ಸಣ್ಣಪುಟ್ಟ ಕೆಲಸಗಳಲ್ಲಿ ತೊಡಗುತ್ತಿದ್ದರು, ಅವರನ್ನು ಯಾರೂ ಹೀಯಾಳಿಸುತ್ತಿರಲಿಲ್ಲ. ಚಿಕ್ಕ ಅಧ್ಯಯನವಾದ್ದರಿಂದ ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಯುಕ್ತವಲ್ಲ. ಆದರೂ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ದೇವರದಲ್ಲ, ಸರಪಳಿಯದು ಎಂಬುದು ಸ್ಪಷ್ಟ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನಾ ಕಾಯಿದೆಯು ಅಪರಾಧವೆಂದು ಸಾರಿದೆ.

ಇಷ್ಟು ಹೊತ್ತು ಚರ್ಚಿಸಿದ್ದು ಕಾಯಿಲೆಯಿದ್ದೂ ಕಾಣದೆ ಹೋಗುವ ತಪ್ಪನ್ನು. ಇದಕ್ಕೆ ವಿಲೋಮವಾದ ತಪ್ಪು, ಕಾಯಿಲೆಯಲ್ಲದ್ದನ್ನು ಕಾಯಿಲೆಯೆಂದು ಕರೆಯುವುದು. ಸಲಿಂಗಾಸಕ್ತಿಯನ್ನು ಅಮೆರಿಕದ ಮನೋವೈದ್ಯ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ರೋಗಗಳ ಪಟ್ಟಿಯಿಂದ ಕೈಬಿಟ್ಟವು. ಲಿಂಗಾಂತರ ಅಸ್ಮಿತೆಗೆ ಸಂಬಂಧಿಸಿದ ವರ್ಗವನ್ನು 2019ರಲ್ಲಿ ಅಂಗೀಕೃತವಾದ ಹನ್ನೊಂದನೆಯ ವರ್ಗೀಕರಣವು ಮಾನಸಿಕ ರೋಗಗಳ ಅಧ್ಯಾಯದಿಂದ ಹೊರತಂದಿತು. ಪುಸ್ತಕದಲ್ಲಿ ಪಟ್ಟಿ ಬದಲಾದುದು ಆಸ್ಪತ್ರೆಯ ಕೋಣೆಗೆ ತಲುಪಲು ಹಿಡಿದ ಕಾಲ ದೀರ್ಘ. ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯ ಕುರಿತು ಕರ್ನಾಟಕದ ಪಿ.ಯು.ಸಿ.ಎಲ್. 2001ರಲ್ಲಿ ಹೊರತಂದ ವರದಿ ಪೊಲೀಸರು, ಕುಟುಂಬಗಳ ಜೊತೆಗೆ ವೈದ್ಯಕೀಯವನ್ನೂ ಪ್ರಶ್ನೆಗೆ ಒಳಪಡಿಸಿತ್ತು. ‘ಪರಿವರ್ತನಾ ಚಿಕಿತ್ಸೆ’ಯನ್ನು ತಡೆಯಬೇಕೆಂದು ಮದರಾಸು ಉಚ್ಚ ನ್ಯಾಯಾಲಯ ನಿರ್ದೇಶಿಸಿದ್ದು 2021ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿದ್ರೋಹವೆಂದು ಘೋಷಿಸಿದ್ದು 2022ರಲ್ಲಿ. ಮದರಾಸಿನ ಆ ಪ್ರಕರಣದ ಒಂದು ವಿವರ ಉಲ್ಲೇಖಾರ್ಹ. ತೀರ್ಪು ಕೊಡುವ ಮುನ್ನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ತಮ್ಮ ಪೂರ್ವಗ್ರಹಗಳನ್ನು ಅರಿಯಲು ತಾವೇ ಮನಶ್ಶಾಸ್ತ್ರಜ್ಞರೊಬ್ಬರ ಎದುರು ಕುಳಿತು ತಿಳಿವಳಿಕೆ ಪಡೆದರು. ಚಿಕಿತ್ಸಕರೆಲ್ಲರೂ ಇಷ್ಟು ಮಾಡಿದ್ದಾರೆಯೇ ಎಂದು ಕೇಳಬಹುದು.

ಕಲಬುರಗಿ ಸೀಮೆಗೆ ಈ ಚರಿತ್ರೆ ಹೊರಗಿನದಲ್ಲ. ಈ ಜಿಲ್ಲೆ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ 1329 ಫಸಲಿಯಲ್ಲಿ (ಸುಮಾರು 1919) ಬಂದ ಕಾಯಿದೆಯೊಂದು ಸಂಶಯಕ್ಕೆ ಒಳಗಾದ ಹಿಜಡಾ ಜನರ ಹೆಸರು, ವಾಸಸ್ಥಳಗಳನ್ನು ದಾಖಲುಪುಸ್ತಕದಲ್ಲಿ ಬರೆದಿಡಲು ಅವಕಾಶ ನೀಡಿತ್ತು. ತೆಲಂಗಾಣ ಉಚ್ಚ ನ್ಯಾಯಾಲಯ ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿದ್ದು 2023ರಲ್ಲಿ. ಕರ್ನಾಟಕದಲ್ಲಿಯೇ 2011ರಲ್ಲಿ ಪೊಲೀಸ್ ಕಾಯಿದೆಗೆ ಸೇರಿಸಿದ 36-ಎ ಪ್ರಕರಣ ಇಂತಹುದೇ ದಾಖಲಾತಿಯ ಮಾತನ್ನಾಡಿತ್ತು. ಸಮುದಾಯದವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕ ಮೇಲೆ 2016ರಲ್ಲಿ ಆ ಸಮುದಾಯವನ್ನು ಹೆಸರಿಸುತ್ತಿದ್ದ ಪದವನ್ನು ತೆಗೆಯಲಾಯಿತು. ಹೆಸರು ಬರೆಸಿದರೆ ಠಾಣೆಗೆ ಹೋಗುತ್ತದೆಂಬ ಭಯ ಹೀಗೆ ತಲೆಮಾರುಗಳದು. ಆಸ್ಪತ್ರೆಯ ಚೀಟಿಕಟ್ಟೆಯಲ್ಲಿ ‘ಗಂಡೋ ಹೆಣ್ಣೋ’ ಎಂದು ಜೋರಾಗಿ ಕೇಳಿದಾಗ ಒಬ್ಬರು ಸರದಿಯಿಂದ ಹೊರಬಿದ್ದು ಹೋದರೆ ಅದನ್ನು ‘ಚಿಕಿತ್ಸೆಗೆ ಅಸಹಕಾರ’ ಎಂದು ಬರೆಯುವುದು ನ್ಯಾಯವೇ?

ಉತ್ತರ ಕರ್ನಾಟಕದ ಜೋಗಪ್ಪಗಳ ಪರಂಪರೆ ಇಲ್ಲಿ ಬೇರೊಂದು ಪಾಠವನ್ನು ಕಲಿಸುತ್ತದೆ. ಎಲ್ಲಮ್ಮ ಅಥವಾ ಹುಲಿಗೆಮ್ಮ ತಮ್ಮನ್ನು ಕರೆದಳೆಂದು ಸೀರೆಯುಟ್ಟು, ಮುತ್ತು ಕಟ್ಟಿಸಿಕೊಂಡು, ಕೊಡ ಹೊತ್ತು ಬದುಕುವ ಇವರು ಹಿಜಡಾ ಸಮುದಾಯಕ್ಕಿಂತ ಭಿನ್ನರು. ಅನೇಕರು ಶಸ್ತ್ರಕ್ರಿಯೆಯನ್ನು ಬಯಸುವುದಿಲ್ಲ. ದೇವಿಯ ಹೆಸರಿನಿಂದ ಇವರಿಗೆ ಊರಿನಲ್ಲಿ ಒಂದು ಸ್ಥಾನ ಸಿಕ್ಕಿದೆಯೆಂಬುದು ನಿಜ. ಆ ಸ್ಥಾನಕ್ಕೆ ಷರತ್ತುಗಳಿವೆಯೆಂಬುದೂ ಅಷ್ಟೇ ನಿಜ. ಪದ್ಮಶ್ರೀ ಮಂಜಮ್ಮ ಜೋಗತಿಯವರು ತಮ್ಮ ಬದುಕನ್ನು ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಬಳ್ಳಾರಿ ಸೀಮೆಯ ಕುಟುಂಬವೊಂದರಲ್ಲಿ ಗಂಡುಮಗುವೆಂದು ಹುಟ್ಟಿ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆಯ ನೆಲೆ ತಪ್ಪಿ, ವಿಷ ಕುಡಿದು ಬದುಕುಳಿದವರು ಅವರು. ಮುಂದೆ ಮಟ್ಟಿಕಲ್ಲು ಬಸಪ್ಪನವರಿಂದ ಜೋಗತಿ ನೃತ್ಯವನ್ನು ಕಲಿತು, ಕಾಳವ್ವ ಜೋಗತಿಯವರ ತಂಡದಲ್ಲಿ ಬೆಳೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರನ್ನು ಉಳಿಸಿದ್ದು ‘ತಿದ್ದುವ’ ಯಾವ ಪ್ರಯತ್ನವೂ ಅಲ್ಲ. ಕಲೆ ಕಲಿಸುವ ಗುರು, ಕೂಡಿ ಬಾಳುವ ತಂಡ, ದುಡಿದು ತಿನ್ನುವ ಅನ್ನ. ಇದನ್ನು ಔಷಧಕ್ಕೆ ಬದಲಿಯೆಂದು ಹೇಳುತ್ತಿಲ್ಲ. ವಿಷ ಕುಡಿದವರಿಗೆ ಮೊದಲು ಆಸ್ಪತ್ರೆಯೇ ಬೇಕು. ಆದರೆ ಹೊಟ್ಟೆ ತೊಳೆದು ಅದೇ ಮನೆಗೆ, ಅದೇ ಮಾತುಗಳ ನಡುವೆ ಕಳುಹಿಸಿದರೆ ಚಿಕಿತ್ಸೆ ಮುಗಿಯಿತೇ?

ಜೋಗಪ್ಪನೊಬ್ಬರು ಚಿಕಿತ್ಸಕರ ಎದುರು ಕುಳಿತಾಗ ಮೊದಲ ತೊಡಕು ಕನ್ನಡದ ವ್ಯಾಕರಣದಲ್ಲಿಯೇ ಇದೆ. ನಮ್ಮ ಕ್ರಿಯಾಪದ ಲಿಂಗವನ್ನು ಹೇಳದೆ ಬಿಡದು: ‘ಬಂದಾನ’ ಅಥವಾ ‘ಬಂದಾಳ’. ಮೂರನೆಯದಾದ ‘ಬಂದದ’ ಎಂಬ ನಪುಂಸಕ ರೂಪ ಇವರ ಕಿವಿಯಲ್ಲಿ ಹಳೆಯ ಬೈಗಳು. ಇದಕ್ಕೆ ಪರಿಹಾರವೂ ಭಾಷೆಯೊಳಗೇ ಇದೆ. ‘ಅವರು ಬಂದಾರ’ ಎಂಬ ಗೌರವವಾಚಕ ಬಹುವಚನ ಲಿಂಗವನ್ನು ಕೇಳುವುದಿಲ್ಲ, ಮರ್ಯಾದೆಯನ್ನೂ ಉಳಿಸುತ್ತದೆ. ಇಂಗ್ಲಿಷಿನಲ್ಲಿ ಈಚೆಗೆ ಕಷ್ಟಪಟ್ಟು ರೂಢಿಗೆ ತರುತ್ತಿರುವುದನ್ನು ಕನ್ನಡ ತಾನಾಗಿ ಕೊಡುತ್ತದೆ. ‘ಅಕ್ಕಾ’ ಎನ್ನಬೇಕೋ ‘ಯವ್ವಾ’ ಎನ್ನಬೇಕೋ ಎಂಬುದನ್ನು ಅವರನ್ನೇ ಕೇಳಬಹುದು. “ನಿಮಗ ಏನಂತ ಕರೀಬೇಕ್ರಿ?” ಎಂಬ ಒಂದು ಪ್ರಶ್ನೆಗೆ ಅರ್ಧ ನಿಮಿಷವೂ ಬೇಡ.

ಇದೇ ಮಾತು ಜಾತಿಗೂ ಅನ್ವಯಿಸುತ್ತದೆ. ಈ ಭಾಗದ ಕನ್ನಡದಲ್ಲಿ ‘ಬಾ’ ಮತ್ತು ‘ಬರ್ರಿ’ಗಳ ನಡುವಿನ ಅಂತರ ವಯಸ್ಸಿನದಷ್ಟೇ ಅಲ್ಲ. ಅರವತ್ತು ವರ್ಷದ ದಲಿತ ಕೂಲಿಕಾರನನ್ನು ಹೊಲದೊಡೆಯನ ಹತ್ತು ವರ್ಷದ ಮಗ ‘ಬಾ’ ಎಂದು ಕರೆಯುವುದು ಹಲವು ಊರುಗಳ ಹಳೆಯ ರೂಢಿ. ಆ ಮುದುಕ ಆಸ್ಪತ್ರೆಗೆ ಬಂದಾಗ ವೈದ್ಯರು “ಬರ್ರಿ, ಕುಂದರ್ರಿ” ಎಂದರೆ ಚಿಕಿತ್ಸೆ ಅಲ್ಲಿಂದಲೇ ಆರಂಭವಾಯಿತೆನ್ನಬೇಕು. ‘ಬಾ, ಏನಾಗ್ಯಾದ’ ಎಂದರೆ ಆತ ಎದೆನೋವಷ್ಟನ್ನೇ ಹೇಳಿ ಎದ್ದು ಹೋಗುತ್ತಾನೆ.

‘ನಾನು ಜಾತಿ ನೋಡುವುದಿಲ್ಲ’ ಎನ್ನುವ ಚಿಕಿತ್ಸಕರ ಪ್ರಾಮಾಣಿಕತೆಯನ್ನು ಅನುಮಾನಿಸಬೇಕಿಲ್ಲ. ಆದರೆ ನೋಡದಿರುವುದೇ ಇಲ್ಲಿ ದೋಷ. ಆಲೋಚನೆಗಳನ್ನು ತಿದ್ದುವ ಪದ್ಧತಿಯಲ್ಲಿ ರೋಗಿಯ ಅನಿಸಿಕೆಗೆ ಪುರಾವೆಯೇನೆಂದು ಕೇಳುವ ಕ್ರಮವಿದೆ. ‘ಎಲ್ಲರೂ ನನ್ನನ್ನು ಕೀಳಾಗಿ ಕಾಣುತ್ತಾರೆ’ ಎಂಬ ಮಾತನ್ನು ವಿಕೃತ ಗ್ರಹಿಕೆಯೆಂದು ಬರೆದುಕೊಳ್ಳುವುದು ಸುಲಭ. ಹೇಳಿದವನಿಗೆ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕೊಟ್ಟಿದ್ದರೆ ಅದು ಗ್ರಹಿಕೆಯಲ್ಲ, ವರದಿ. ನಿಂದಿತ ಅಲ್ಪಸಂಖ್ಯಾತರು ನಿರಂತರವಾಗಿ ಹೊರುವ ಇಂತಹ ಭಾರವನ್ನು ಅಮೆರಿಕದ ಇಲಾನ್ ಮೇಯರ್ 2003ರಲ್ಲಿ ‘ಅಲ್ಪಸಂಖ್ಯಾತ ಒತ್ತಡ’ವೆಂಬ ಸಿದ್ಧಾಂತವಾಗಿ ವಿವರಿಸಿದರು. ಅವರ ಮುಖ್ಯ ವಿಷಯ ಲೈಂಗಿಕ ಅಲ್ಪಸಂಖ್ಯಾತರಾಗಿದ್ದರೂ ಜಾತಿಯ ಸಂದರ್ಭಕ್ಕೆ ಅದು ಸಲೀಸಾಗಿ ಹೊಂದುತ್ತದೆ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2016ರ ಜನವರಿಯಲ್ಲಿ ರೋಹಿತ್ ವೇಮುಲ ಅವರ ಸಾವಿನ ನಂತರ ವಿದ್ಯಾಸಂಸ್ಥೆಗಳಲ್ಲಿ ಈ ಪ್ರಶ್ನೆಯನ್ನು ಕಡೆಗಣಿಸುವುದು ಸಾಧ್ಯವಾಗಿಲ್ಲ. ಚಿಕಿತ್ಸಕನು ಅವಮಾನವನ್ನು ಅವಮಾನವೆಂದೇ ಒಪ್ಪಿಕೊಂಡು, ಅಗತ್ಯವಿದ್ದರೆ 1989ರ ದೌರ್ಜನ್ಯ ತಡೆ ಕಾಯಿದೆಯ ನೆರವಿನ ದಾರಿಯನ್ನೂ ತೋರಿಸಿ, ಅನಂತರ ನಿದ್ರೆ, ಭಯ, ಕುಡಿತಗಳ ವಿಚಾರಕ್ಕೆ ಬರಬೇಕು. ಕ್ರಮ ತಲೆಕೆಳಗಾದರೆ ‘ಸಹಿಸಿಕೋ’ ಎಂಬ ಊರಗೌಡನ ಮಾತನ್ನೇ ಆಸ್ಪತ್ರೆಯೂ ಆಡಿದಂತಾಗುತ್ತದೆ.

2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇದಕ್ಕೆ ಆಧಾರ ಒದಗಿಸಿದೆ. ಸಮುದಾಯದಲ್ಲಿ ರೂಢಿಯಲ್ಲಿರುವ ನೈತಿಕ, ಸಾಮಾಜಿಕ ಮೌಲ್ಯಗಳಿಗೆ ಹೊಂದಿಕೊಳ್ಳದಿರುವುದನ್ನೇ ಮಾನಸಿಕ ರೋಗವೆಂದು ನಿರ್ಣಯಿಸಲಾಗದೆಂದು ಅದರ 3ನೆಯ ಪ್ರಕರಣ ಹೇಳುತ್ತದೆ. 18ನೆಯ ಪ್ರಕರಣವು ಲಿಂಗ, ಲೈಂಗಿಕ ಒಲವು, ಧರ್ಮ, ಸಂಸ್ಕೃತಿ, ಜಾತಿ, ವರ್ಗಗಳ ಭೇದವಿಲ್ಲದೆ ಸೇವೆ ಪಡೆಯುವ ಹಕ್ಕನ್ನು ಕೊಡುತ್ತದೆ. ಇವುಗಳ ಕನ್ನಡ ರೂಪವನ್ನು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಬರೆಸುವುದಕ್ಕೆ ಹೆಚ್ಚಿನ ವೆಚ್ಚವೇನೂ ಆಗದು.

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವುದರಲ್ಲಿ ಕರ್ನಾಟಕ ದೇಶಕ್ಕೇ ಮಾದರಿಯಾಗಿತ್ತೆಂಬುದನ್ನು ಮರೆಯಬಾರದು. ನಿಮ್ಹಾನ್ಸ್‌ನ ನೆರವಿನಿಂದ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭವಾದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. 1996ರ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮ ಇದನ್ನೇ ಅನುಸರಿಸಿತು. ಮೂರ್ಛೆರೋಗ, ಚಿತ್ತವಿಕಲತೆಗಳ ಗುಳಿಗೆ ಹಳ್ಳಿಗೆ ತಲುಪಿದ್ದು ಸಣ್ಣ ಸಾಧನೆಯಲ್ಲ. ಗುಳಿಗೆ ತಲುಪಿದಷ್ಟು ಸುಲಭವಾಗಿ ಆಲಿಸುವ ಕಿವಿ ತಲುಪಲಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ದೂರವಾಣಿ ಸೇವೆ (14416) ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲದು, ಮಾತನಾಡಲು ಮನೆಯಲ್ಲಿ ಏಕಾಂತವಿದ್ದವರಿಗೆ.

ಚಿಂಚೋಳಿಯ ತಾಂಡಾದ ಹೆಣ್ಣುಮಗಳಿಗೆ ಆ ಏಕಾಂತ ಎಲ್ಲಿಂದ ಬರಬೇಕು? ಆಸ್ಪತ್ರೆಯಲ್ಲಿಯೂ ಆಕೆಯ ಲಂಬಾಣಿ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವವರು ಗಂಡ, ಅತ್ತೆ ಅಥವಾ ಶಾಲೆಗೆ ಹೋಗುವ ಮಗ. ಗಂಡನ ಹೊಡೆತದ ವಿಷಯ ಗಂಡನ ಬಾಯಿಂದಲೇ ಅನುವಾದವಾಗಿ ವೈದ್ಯರಿಗೆ ತಲುಪಬೇಕು! ತಾಂಡಾಗಳಲ್ಲಿ ಓದು ಬಲ್ಲ ಹೆಣ್ಣುಮಕ್ಕಳು ಈಗ ಇದ್ದಾರೆ. ಆಶಾ ಕಾರ್ಯಕರ್ತೆಯರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಗೋಪ್ಯತೆಯ ನಿಯಮಗಳನ್ನು ಕಲಿಸಿ, ದಿನಭತ್ಯೆ ಕೊಟ್ಟು, ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸುವುದು ಕಷ್ಟವೇನಲ್ಲ. ಬೇರೆ ತಾಂಡಾದವರನ್ನು ಆರಿಸುವುದು ಮೇಲು. ಒಂದೇ ತಾಂಡಾದವಳಾದರೆ ಆಕೆ ಕೇಳಿದ ಮಾತು ಸಂಜೆಯೊಳಗೆ ಬಾವಿಕಟ್ಟೆಗೆ ಬಂತೆಂಬ ಅಂಜಿಕೆ ಉಳಿದೇ ಉಳಿಯುತ್ತದೆ.